ಶ್ರೀರಂಗಪಟ್ಟಣ: ನದಿ ಕಾಯ್ದ ಕೋಟೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಸೂಳೆಕೆರೆಯನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಶಾಂತಿಸಾಗರವೆಂಬ ಹೆಸರೂ ಇದಕ್ಕೆ ಉಂಟು. ಸುಮಾರು 6,500 ಎಕರೆ ವಿಸ್ತಾರದ ಈ ಜಲರಾಶಿಯನ್ನು ತಡೆದು ನಿಲ್ಲಿಸಿರುವುದು ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಹಾಕಿದ ಒಂದು ಏರಿ. ಆ ಏರಿಯ ಉದ್ದ ಸಾವಿರ ಅಡಿಗಿಂತಲೂ ಕಡಿಮೆ. ಇಷ್ಟು ದೊಡ್ಡ ಕೆರೆಯ ಭಾರವನ್ನು ಇಷ್ಟು ಚಿಕ್ಕ ಏರಿ ಶತಮಾನಗಳಿಂದ ಹೇಗೆ ಹೊತ್ತು ನಿಂತಿದೆ ಎಂಬ ಪ್ರಶ್ನೆ ಮೊದಲ ಬಾರಿಗೆ ನೋಡುವವರ ಮನಸ್ಸಿನಲ್ಲಿ ಏಳುವುದು ಸಹಜ. ಆದರೆ ಏರಿಯು ಹೊರುತ್ತಿರುವುದು ಕೆರೆಯ ಭಾರವನ್ನಲ್ಲ, ನೀರಿನ ಒತ್ತಡವನ್ನು. ನಿಂತ ನೀರಿನ ಒತ್ತಡವು ಅದರ ಆಳವನ್ನು ಮಾತ್ರ ಅವಲಂಬಿಸಿದೆ, ಹರವನ್ನಲ್ಲ. ಲೆಕ್ಕಕ್ಕಾಗಿ ಏರಿಯ ಬಳಿ ನೀರಿನ ಆಳ 8 ಮೀಟರ್ ಎಂದು ಇಟ್ಟುಕೊಂಡರೆ, ತಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಒತ್ತಡ 8 ಟನ್ ತೂಕಕ್ಕೆ ಸಮ. ಕೆರೆ ಹಿಂದಕ್ಕೆ ಒಂದು ಫರ್ಲಾಂಗು ಹರಡಿರಲಿ, ಐದು ಮೈಲಿ ಹರಡಿರಲಿ, ಈ ಅಂಕಿಯಲ್ಲಿ ವ್ಯತ್ಯಾಸವಾಗದು. ಕಣಿವೆಯ ಇಕ್ಕಟ್ಟಾದ ಸ್ಥಳವನ್ನು ಆರಿಸಿಕೊಂಡ ಹಳೆಯ ಕಾಲದ ಕೆರೆಗಾರರಿಗೆ ಈ ಸೂತ್ರ ಅಕ್ಷರರೂಪದಲ್ಲಿ ತಿಳಿದಿರಲಿಕ್ಕಿಲ್ಲ, ಅನುಭವದಿಂದ ತಿಳಿದಿತ್ತು.

ಈ ಕೆರೆಯನ್ನು ಕಟ್ಟಿಸಿದವಳು ಸ್ವರ್ಗವತಿ ಪಟ್ಟಣದ ಅರಸು ವಿಕ್ರಮರಾಯನ ಮಗಳು ಶಾಂತವ್ವೆಯೆಂದು ಸ್ಥಳಪುರಾಣ ಹೇಳುತ್ತದೆ. ನೀರು ನಿಲ್ಲಬೇಕಾಗಿದ್ದ ನೆಲದಲ್ಲಿ ಸೂಳೆಯರ ಮನೆಗಳಿದ್ದುವಂತೆ. ತಮ್ಮ ಹೆಸರನ್ನು ಕೆರೆಗೆ ಇಡುವುದಾದರೆ ಜಾಗ ಬಿಡುವೆವೆಂದು ಅವರು ಹೇಳಿದರಂತೆ. ಕತೆಯ ಸತ್ಯಾಸತ್ಯಗಳು ಹೇಗಾದರೂ ಇರಲಿ, ಕೆರೆ ಹನ್ನೊಂದು ಹನ್ನೆರಡನೆಯ ಶತಮಾನಗಳಷ್ಟು ಹಳೆಯದೆಂದು ಎಣಿಸುತ್ತಾರೆ. ಇದೇ ಸುತ್ತಿನಲ್ಲಿ ಬಸವಾಪಟ್ಟಣವೂ ಸಂತೇಬೆನ್ನೂರೂ ಇವೆ. ಒಂದು ಕಾಲಕ್ಕೆ ಇವೆರಡೂ ಒಂದೇ ಪಾಳೆಯಗಾರ ಮನೆತನದ ಠಾಣ್ಯಗಳು. ಆ ಮನೆತನವೇ ಮುಂದೆ ತರೀಕೆರೆಗೆ ಹೋಗಿ ನೆಲೆಸಿತು. ಸಂತೇಬೆನ್ನೂರಿನಲ್ಲಿ ಇಂದಿಗೂ ನಿಂತಿರುವ ಹೊಂಡವನ್ನು ನೋಡಿದವರು, ಅದರ ನಟ್ಟನಡುವೆ ನೀರಿನಿಂದೆದ್ದು ನಿಂತ ಅಂತಸ್ತುಗಳ ಮಂಟಪವನ್ನು ಮರೆಯಲಾರರು. ನಾಲ್ಕೂ ಕಡೆ ನೀರು, ನಡುವೆ ಅರಸನ ವಿಹಾರದ ತಾಣ. ಇದನ್ನು ಒಂದು ಪುಟ್ಟ ದ್ವೀಪವೆಂದೇ ಕರೆಯಬಹುದು. ಆದರೆ ಈ ನೀರು ಇದ್ದುದು ಕಣ್ಣಿಗೂ ಮೈಗೂ ತಂಪು ನೀಡಲು. ಶತ್ರುವನ್ನು ತಡೆಯಲು ಅಲ್ಲ. 1630ರ ದಶಕದ ಕೊನೆಯ ವರ್ಷಗಳಲ್ಲಿ ಬಿಜಾಪುರದ ಸೈನ್ಯ ಈ ಪ್ರಾಂತಕ್ಕೆ ನುಗ್ಗಿದಾಗ ಬಸವಾಪಟ್ಟಣದ ಸೀಮೆ ಅದರ ಕೈವಶವಾಯಿತು. ಹೊಂಡದ ಪಕ್ಕದಲ್ಲಿರುವ ಮುಸಾಫಿರಖಾನೆಯನ್ನು ಆ ಸೈನ್ಯದ ಸೇನಾಪತಿ ರಣದುಲ್ಲಾಖಾನನೇ ಕಟ್ಟಿಸಿದನೆಂದು ಹೇಳಿಕೆ.

ಇದೇ ರಣದುಲ್ಲಾಖಾನನು 1638ರಲ್ಲಿ ಕೆಂಪೇಗೌಡನಿಂದ ಬೆಂಗಳೂರನ್ನು ಕಸಿದುಕೊಂಡು, ಅಲ್ಲಿಂದ ಮುಂದುವರಿದು ಇನ್ನೊಂದು ಕೋಟೆಯ ಮುಂದೆ ಬಂದು ನಿಂತನು. ಅದನ್ನು ಮಾತ್ರ ಅವನಿಂದ ಹಿಡಿಯಲಾಗಲಿಲ್ಲ. ಅದು ಕಂಠೀರವ ನರಸರಾಜ ಒಡೆಯರ ಶ್ರೀರಂಗಪಟ್ಟಣ. ಒಡೆಯರ ಪರಾಕ್ರಮವನ್ನು ನಾವಿಲ್ಲಿ ಕಡಿಮೆ ಮಾಡಿ ಹೇಳಬೇಕಾಗಿಲ್ಲ. ಆದರೆ ಬಸವಾಪಟ್ಟಣಕ್ಕೆ ಇಲ್ಲದ ಒಂದು ಅನುಕೂಲ ಶ್ರೀರಂಗಪಟ್ಟಣಕ್ಕೆ ಇತ್ತೆಂಬುದನ್ನು ಭೂಪಟವನ್ನು ನೋಡಿದ ಯಾರೂ ಒಪ್ಪುವರು. ಅದರ ಹೊರಕಂದಕ ಮನುಷ್ಯರು ತೋಡಿದ್ದಲ್ಲ, ಕಾವೇರಿ ನದಿ ತೋಡಿದ್ದು.

ಪಶ್ಚಿಮದಿಂದ ಬರುವ ಕಾವೇರಿಯು ಇಲ್ಲಿ ಕಗ್ಗಲ್ಲಿನ ಹಾಸನ್ನು ಸಂಧಿಸಿ ಎರಡಾಗಿ ಒಡೆಯುತ್ತದೆ. ಉತ್ತರದ ಕವಲೂ ದಕ್ಷಿಣದ ಕವಲೂ ಸುಮಾರು ಮೂರು ಮೈಲಿ ದೂರ ಬೇರೆಬೇರೆಯಾಗಿ ಹರಿದು, ಪೂರ್ವದಲ್ಲಿ ಸಂಗಮವೆಂಬ ಸ್ಥಳದಲ್ಲಿ ಮತ್ತೆ ಒಂದಾಗುತ್ತವೆ. ನಡುವೆ ಉಳಿದ ನೆಲವೇ ದ್ವೀಪ; ಅದರ ಅತ್ಯಂತ ಅಗಲವಾದ ಭಾಗ ಸುಮಾರು ಒಂದು ಮೈಲಿ. ಕೋಟೆ ಇರುವುದು ಪಶ್ಚಿಮದ ತುದಿಯಲ್ಲಿ, ನದಿ ಒಡೆಯುವ ಮೂಲೆಯಲ್ಲಿ. ಕಾವೇರಿ ಇಂಥ ದ್ವೀಪಗಳನ್ನು ಮತ್ತೆ ಕೆಲವೆಡೆ ಸೃಷ್ಟಿಸಿದೆ. ಅವುಗಳಲ್ಲಿ ಮೂರರ ಮೇಲೆ ರಂಗನಾಥನು ಮಲಗಿದ್ದಾನೆ: ಆದಿರಂಗ ಶ್ರೀರಂಗಪಟ್ಟಣದಲ್ಲಿ, ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ನದಿಯ ನಡುಗಡ್ಡೆಯನ್ನು ದೇವರಿಗೆ ತಕ್ಕ ಸ್ಥಳವೆಂದು ಮೊದಲು ಗುರುತಿಸಿದವರು ಭಕ್ತರು; ಅದು ದೊರೆಗೂ ತಕ್ಕ ಸ್ಥಳವೆಂಬುದು ಆಮೇಲೆ ಹೊಳೆಯಿತು. 1454ರಲ್ಲಿ ತಿಮ್ಮಣ್ಣ ಹೆಬ್ಬಾರನು ವಿಜಯನಗರದ ಅರಸರ ಅಪ್ಪಣೆ ಪಡೆದು ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಪ್ರತೀತಿ. ಮುಂದೆ ವಿಜಯನಗರದ ಪ್ರತಿನಿಧಿಗಳು ಇಲ್ಲಿಂದಲೇ ಆಳಿದರು. 1610ರಲ್ಲಿ ರಾಜ ಒಡೆಯರು ಪ್ರತಿನಿಧಿ ತಿರುಮಲರಾಯನಿಂದ ಕೋಟೆಯನ್ನು ಪಡೆದುಕೊಂಡು, ಅದನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ಅಲ್ಲಿಂದ ಮುಂದೆ 189 ವರ್ಷ, ಒಡೆಯರ ಕಾಲದಲ್ಲೂ ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಕಾಲದಲ್ಲೂ, ಮೈಸೂರು ರಾಜ್ಯದ ಸ್ವಾತಂತ್ರ್ಯ ಈ ಮೂರು ಮೈಲಿಯ ದ್ವೀಪದೊಡನೆ ಬೆಸೆದುಕೊಂಡಿತು.

ಈ ಕಾಲದಲ್ಲಿ ಕೋಟೆಗೆ ಮುತ್ತಿಗೆಗಳೇನೂ ಕಡಿಮೆಯಾಗಿರಲಿಲ್ಲ. 1757ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನು ಮುತ್ತಿಗೆ ಹಾಕಿ, 32 ಲಕ್ಷ ರೂಪಾಯಿಗಳ ಒಪ್ಪಂದದ ಮೇಲೆ ಹಿಂದಿರುಗಿದನು. 1771ರಲ್ಲಿ ಚಿನಕುರಳಿಯ ಬಳಿ ಹೈದರಾಲಿಯನ್ನು ಸೋಲಿಸಿದ ಮರಾಠರು ಕೋಟೆಯವರೆಗೆ ಬಂದರೂ ಅದನ್ನು ಹಿಡಿಯಲಾರದೆ ಹೋದರು. ಬಯಲಿನಲ್ಲಿ ಗೆದ್ದ ಸೈನ್ಯಕ್ಕೂ ದ್ವೀಪದ ಮುಂದೆ ಬಂದಾಗ ಹಣ ಪಡೆದು ಮರಳುವುದೇ ಲೇಸೆಂದು ತೋರುತ್ತಿತ್ತು. ಏಕೆ?

ನದಿಯನ್ನು ದಾಟುವ ಸಿಪಾಯಿಯೊಬ್ಬನ ಮೇಲೆ ಏನೇನು ಬಲಗಳು ಬೀಳುತ್ತವೆ ಎಂಬುದನ್ನು ನೋಡೋಣ. ಸೂಳೆಕೆರೆಯ ನೀರು ನಿಂತ ನೀರು. ಅದರಲ್ಲಿ ಆಳವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡೆವು. ಕಾವೇರಿಯದು ಹರಿಯುವ ನೀರು. ಇಲ್ಲಿ ವೇಗವೂ ಲೆಕ್ಕಕ್ಕೆ ಬರುತ್ತದೆ, ಅದೂ ವೇಗದ ವರ್ಗ. ಪ್ರವಾಹದ ವೇಗ ಎರಡರಷ್ಟಾದರೆ ಅದು ಅಡ್ಡ ನಿಂತವನನ್ನು ತಳ್ಳುವ ಬಲ ನಾಲ್ಕರಷ್ಟು, ವೇಗ ನಾಲ್ಕರಷ್ಟಾದರೆ ಬಲ ಹದಿನಾರರಷ್ಟು. ಸ್ಥೂಲವಾಗಿ ಹೇಳುವುದಾದರೆ, ನೀರಿನ ಸಾಂದ್ರತೆ, ನೀರಿಗೆ ಎದುರಾದ ದೇಹಭಾಗದ ವಿಸ್ತೀರ್ಣ, ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧದಷ್ಟು ಬಲ ಅವನ ಮೇಲೆ ಬೀಳುತ್ತದೆ.

ಬೇಸಗೆಯಲ್ಲಿ ನೀರು ತೊಡೆಯವರೆಗೆ ಇದೆ, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದು ಇಟ್ಟುಕೊಳ್ಳಿ. ಎರಡು ಕಾಲುಗಳು ನೀರಿಗೆ ಒಡ್ಡುವ ವಿಸ್ತೀರ್ಣ ಒಂದು ಚದರ ಮೀಟರಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಲೆಕ್ಕ ಹಾಕಿದರೆ ಬಲ ಸುಮಾರು 22 ನ್ಯೂಟನ್, ಅಂದರೆ ಎರಡೂಕಾಲು ಕಿಲೋಗ್ರಾಮ್ ತೂಕಕ್ಕೆ ಸಮ. ಮಗುವೊಂದು ಪಂಚೆಯನ್ನು ಹಿಡಿದು ಎಳೆದಂತೆ ಆಯಿತಷ್ಟೆ. ಈಗ ಮಳೆಗಾಲಕ್ಕೆ ಬನ್ನಿ. ನೀರು ಎದೆಯವರೆಗೆ ಏರಿದೆ, ವೇಗ ಸೆಕೆಂಡಿಗೆ ಎರಡು ಮೀಟರ್. ವಿಸ್ತೀರ್ಣ ಅರ್ಧ ಚದರ ಮೀಟರ್ ಎಂದರೆ ಬಲ 1,000 ನ್ಯೂಟನ್. ನೂರು ಕಿಲೋಗ್ರಾಮಿನ ಚೀಲವೊಂದು ಅಡ್ಡಲಾಗಿ ಒರಗಿಕೊಂಡಂತೆ. ಅಷ್ಟೇ ಅಲ್ಲ. ಆರ್ಕಿಮಿಡೀಸನ ತತ್ತ್ವದಂತೆ ಮುಳುಗಿದ ದೇಹದ ತೂಕವನ್ನು ನೀರು ಹೊತ್ತುಕೊಳ್ಳುತ್ತದೆ. 60 ಕಿಲೋಗ್ರಾಮ್ ತೂಗುವ ಮನುಷ್ಯ ಎದೆಯವರೆಗಿನ ನೀರಿನಲ್ಲಿ ನೆಲದ ಮೇಲೆ ಹಾಕುವ ಭಾರ ಸುಮಾರು 20 ಕಿಲೋಗ್ರಾಮ್ ಮಾತ್ರ. ಕಾಲು ಜಾರದಂತೆ ಹಿಡಿದು ನಿಲ್ಲಿಸುವ ಘರ್ಷಣೆ ಈ ಉಳಿದ ಭಾರದ ಅರ್ಧಕ್ಕಿಂತ ಹೆಚ್ಚಾಗಲಾರದು. ಒಂದು ಕಡೆ ನೂರು, ಇನ್ನೊಂದು ಕಡೆ ಹತ್ತು! ನಮ್ಮ ಹಳ್ಳಿಗರು ಹೊಳೆಯಲ್ಲಿ ಕಾಲು ನಿಲ್ಲುವುದಿಲ್ಲವೆಂದು ಹೇಳುವ ಮಾತು ಅಕ್ಷರಶಃ ನಿಜ. ಕೈಯಲ್ಲಿ ಬಂದೂಕು, ಸೊಂಟದಲ್ಲಿ ನೆನೆಯಬಾರದ ಮದ್ದು, ಎದುರಿಗೆ ಗುಂಡು ಹಾರಿಸುವ ಕೋಟೆಗೋಡೆ, ಇವನ್ನು ಸೇರಿಸಿಕೊಂಡರೆ ಮಳೆಗಾಲದ ಕಾವೇರಿಯನ್ನು ನಡೆದು ದಾಟಿ ಕೋಟೆಗೆ ಲಗ್ಗೆ ಹತ್ತುವುದು ಅಸಾಧ್ಯವೆಂದೇ ಹೇಳಬೇಕು.

ಈ ಲೆಕ್ಕದಲ್ಲಿ ಒಂದು ಅಂಶ ಗಮನಾರ್ಹವಾಗಿದೆ. ಕೋಟೆಗೋಡೆ ವರ್ಷದ ಹನ್ನೆರಡು ತಿಂಗಳೂ ಒಂದೇ ಎತ್ತರ, ನದಿ ಹಾಗಲ್ಲ. ಶ್ರೀರಂಗಪಟ್ಟಣದಲ್ಲಿ ಬೀಳುವ ಮಳೆ ಕಡಿಮೆ. ಇಲ್ಲಿಯ ಪ್ರವಾಹ ಕೊಡಗಿನಿಂದ ಬರುವುದು. ಭಾಗಮಂಡಲದ ಸುತ್ತ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್ ಮೊದಲಾಗಿ ಸೆಪ್ಟೆಂಬರಿನೊಳಗೆ. ಪ್ರವಾಹವು ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಬಂದರೆ 150 ಕಿಲೋಮೀಟರ್ ಕ್ರಮಿಸಲು ಸುಮಾರು 28 ಗಂಟೆ ಸಾಕು. ಅಂದರೆ, ಕೊಡಗಿನಲ್ಲಿ ಇಂದು ಮಳೆ ಹೊಡೆದರೆ ಶ್ರೀರಂಗಪಟ್ಟಣದ ಕಂದಕ ನಾಳೆ ನಾಳಿದ್ದರಲ್ಲಿ ತುಂಬಿತು. ಮಳೆ ನಿಂತ ಕೆಲವು ತಿಂಗಳುಗಳಲ್ಲಿ ಅದು ಬರಿದಾಗುವುದೂ ಅಷ್ಟೇ ನಿಶ್ಚಯ. ಮಾರ್ಚಿಯಿಂದ ಮೇ ತಿಂಗಳವರೆಗೆ ಬಂಡೆಗಳ ನಡುವೆ ತೆಳುವಾದ ನೀರು ಹರಿಯುತ್ತಿತ್ತಷ್ಟೆ. ಸೂಳೆಕೆರೆಯಲ್ಲಿ ಏರಿಯಿರುವುದರಿಂದ ಮಳೆಗಾಲದ ನೀರು ಬೇಸಗೆಯವರೆಗೂ ಉಳಿದಿರುತ್ತದೆ; ಕೆರೆಯೆಂಬುದರ ಪ್ರಯೋಜನವೇ ಅದು. ಆ ಕಾಲದ ಕಾವೇರಿಗೆ ಅಂಥ ದೊಡ್ಡ ಏರಿಯಿರಲಿಲ್ಲ. ಹೀಗಾಗಿ ಶ್ರೀರಂಗಪಟ್ಟಣದ ಕಾವಲುಗಾರನು ವರ್ಷಕ್ಕೆ ಮೂರು ತಿಂಗಳು ನಿದ್ದೆಹೋಗುವ ಕಾವಲುಗಾರನಾಗಿದ್ದನು.

ಇದು ಟಿಪ್ಪುವಿಗೂ ತಿಳಿದಿತ್ತು, ಇಂಗ್ಲಿಷರಿಗೂ ತಿಳಿಯಿತು. ತಿಳಿಯಲು ಅವರಿಗೆ ಮೂರು ದಂಡಯಾತ್ರೆಗಳು ಬೇಕಾದುವು.

ಮೊದಲನೆಯದು 1791ರಲ್ಲಿ. ಬೆಂಗಳೂರನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದನು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯ ದ್ವೀಪದ ಕಡೆಗೆ ಹಿಂದೆಗೆಯಿತು. ಆದರೆ ಆ ವರ್ಷ ಮಳೆ ಬೇಗ ಹಿಡಿದಿತ್ತು. ನದಿ ಏರತೊಡಗಿತ್ತು. ಮಲೆಯಾಳದ ಕಡೆಯಿಂದ ಬಂದ ಅಬರ್‌ಕ್ರಾಂಬಿಯ ಸೈನ್ಯ ನದಿಯ ಆಚೆ ಪಿರಿಯಾಪಟ್ಟಣದ ಬಳಿ ಇತ್ತು. ಅದನ್ನು ಕೂಡಿಕೊಳ್ಳಲು ಹೊಳೆ ದಾಟುವ ಸ್ಥಳವನ್ನು ಹುಡುಕಿಕೊಂಡು ಕಾರ್ನ್‌ವಾಲಿಸನು ಕನ್ನಂಬಾಡಿಯವರೆಗೆ ಹೋದನು. ಕೆಸರಿನಲ್ಲಿ ಎತ್ತುಗಳು ಸಾಯುತ್ತಿದ್ದುವು, ಧಾನ್ಯ ಮುಗಿಯುತ್ತ ಬಂದಿತ್ತು. ಕಡೆಗೆ ತನ್ನ ದೊಡ್ಡ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದುಹಾಕಿ, ಮೇ 26ರಂದು ಬೆಂಗಳೂರಿನ ಕಡೆಗೆ ಹಿಂದಿರುಗಿದನು. ಕೋಟೆಯ ಒಂದು ಕಲ್ಲೂ ಅಲುಗಲಿಲ್ಲ. ಈ ಹಿಮ್ಮೆಟ್ಟುವಿಕೆಗೆ ಹಸಿವೂ ರೋಗವೂ ಕಾರಣವೆಂಬುದು ನಿಜ. ಆದರೆ ಹಸಿವಿಗೂ ರೋಗಕ್ಕೂ ಹಿಂದೆ ಇದ್ದುದು ಅಕಾಲದ ಮಳೆ ತಾನೆ?

ಎರಡನೆಯ ಬಾರಿ ಅವನು ಪಂಚಾಂಗವನ್ನು ಸರಿಯಾಗಿ ನೋಡಿಕೊಂಡು ಬಂದನು. 1792ರ ಫೆಬ್ರುವರಿ 6ರ ರಾತ್ರಿ ಉತ್ತರದ ದಂಡೆಯಲ್ಲಿದ್ದ ಟಿಪ್ಪುವಿನ ಪಾಳೆಯದ ಮೇಲೆ ಧಾಳಿ ನಡೆಯಿತು. ನೀರು ತಗ್ಗಿತ್ತು. ಹಿಂದೆಗೆಯುತ್ತಿದ್ದ ಮೈಸೂರಿನ ಸಿಪಾಯಿಗಳ ಬೆನ್ನಿಗೇ ಇಂಗ್ಲಿಷ್ ತುಕಡಿಗಳೂ ಹೊಳೆ ದಾಟಿ ದ್ವೀಪದ ಪೂರ್ವಭಾಗದಲ್ಲಿ ಕಾಲೂರಿದುವು. ಕೋಟೆ ಮಾತ್ರ ಟಿಪ್ಪುವಿನ ಕೈಯಲ್ಲಿ ಉಳಿಯಿತು. ಮಾರ್ಚಿ ತಿಂಗಳಲ್ಲಿ ಆದ ಕೌಲಿನಂತೆ ಅವನು ರಾಜ್ಯದ ಅರ್ಧವನ್ನೂ, 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಅದು ಸಲ್ಲುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಮೇ ತಿಂಗಳಲ್ಲಿ ಬಂದವನು ಫಿರಂಗಿಗಳನ್ನು ಒಡೆದುಕೊಂಡು ಹೋದ. ಫೆಬ್ರುವರಿಯಲ್ಲಿ ಬಂದವನು ಅರ್ಧ ರಾಜ್ಯವನ್ನು ಕೊಂಡೊಯ್ದ. ಮನುಷ್ಯ ಒಬ್ಬನೇ, ಕೋಟೆಯೂ ಒಂದೇ. ಬೇರೆಯಾಗಿದ್ದುದು ನೀರಿನ ಮಟ್ಟ.

ಇನ್ನು 1799ರ ವಿಷಯ. ಜನರಲ್ ಹ್ಯಾರಿಸನ ಸೈನ್ಯವು ಮಾರ್ಚಿ 27ರಂದು ಮಳವಳ್ಳಿಯ ಬಳಿ ಟಿಪ್ಪುವನ್ನು ಎದುರಿಸಿ, ಟಿಪ್ಪು ಎಣಿಸಿದ್ದ ದಾರಿಯನ್ನು ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ದಾಟಿತು. ಏಪ್ರಿಲ್ 5ರಂದು ಕೋಟೆಯ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿತು. ಮುಂಬಯಿಯ ಸೈನ್ಯವೂ ಬಂದು ಕೂಡಿಕೊಂಡಿತು. ಈಗ ಎರಡು ಪಕ್ಷಗಳೂ ದಿನಗಳನ್ನು ಎಣಿಸುತ್ತಿದ್ದುವು. ಮುತ್ತಿಗೆಗಾರರಿಗೆ ಧಾನ್ಯ ಸಾಲದಾಗಿತ್ತು, ಜೂನ್ ಬರುವುದರೊಳಗೆ ಕೆಲಸ ಮುಗಿಯಲೇಬೇಕಾಗಿತ್ತು. ಕೋಟೆಯೊಳಗಿನವರಿಗೆ ಇನ್ನೊಂದು ತಿಂಗಳು, ಒಂದೂವರೆ ತಿಂಗಳು ತಡೆದರೆ ಸಾಕಾಗಿತ್ತು. ಆಮೇಲೆ ಕಾವೇರಿ ನೋಡಿಕೊಳ್ಳುತ್ತಿತ್ತು. ಹೀಗೆ ಒಂದು ರಾಜ್ಯದ ಅಳಿವು ಉಳಿವು ಗೋಡೆ ಎಷ್ಟು ದಿನ ತಡೆಯುತ್ತದೆಂಬ ಪ್ರಶ್ನೆಗೆ ಬಂದು ನಿಂತಿತು.

ಗೋಡೆಯನ್ನು ಒಡೆಯಲು ಬಳಸಿದುದು 18 ಮತ್ತು 24 ಪೌಂಡಿನ ಕಬ್ಬಿಣದ ಗುಂಡುಗಳನ್ನು ಎಸೆಯುವ ಫಿರಂಗಿಗಳು. 24 ಪೌಂಡೆಂದರೆ ಸುಮಾರು 11 ಕಿಲೋಗ್ರಾಮ್. ಗುಂಡು ಗೋಡೆಗೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ 350 ಮೀಟರ್ ಎಂದಿಟ್ಟುಕೊಂಡರೆ, ಅದರ ಚಲನಶಕ್ತಿ 6 ಲಕ್ಷ 70 ಸಾವಿರ ಜೂಲ್‌ಗಳಿಗೂ ಸ್ವಲ್ಪ ಹೆಚ್ಚು. ಒಂದು ಟನ್ ತೂಕದ ಬಂಡೆಯನ್ನು 68 ಮೀಟರ್ ಎತ್ತರದಿಂದ ಕೆಡವಿದರೆ ಆಗುವ ಹೊಡೆತ ಇಷ್ಟೇ ಶಕ್ತಿಯದು. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಗುಂಡು ಬಡಿದಾಗ ಏಳುವ ಒತ್ತಡದ ಅಲೆ ಕಲ್ಲಿನೊಳಗೆ ಹರಿದು, ಹಿಂಬದಿಯಿಂದ ಪ್ರತಿಫಲಿಸಿ ಎಳೆತದ ಅಲೆಯಾಗಿ ಮರಳುತ್ತದೆ. ಕಲ್ಲುಗಳ ಸಂದುಗಳು ಸಡಿಲಗೊಳ್ಳುವುದು ಆಗ. ಒಂದು ಗುಂಡಿನಿಂದ ಏನೂ ಆಗದು. ಒಂದೇ ಜಾಗಕ್ಕೆ ನೂರಾರು ಗುಂಡುಗಳು ಬಿದ್ದರೆ ಗೋಡೆ ತನ್ನ ಭಾರದಿಂದಲೇ ಕುಸಿಯುತ್ತದೆ, ಕುಸಿದ ಕಲ್ಲುಮಣ್ಣೇ ಹತ್ತುವವರಿಗೆ ಮೆಟ್ಟಿಲಾಗುತ್ತದೆ. ಇದಕ್ಕೆ ಇರುವ ಒಂದೇ ಷರತ್ತು, ಫಿರಂಗಿಗಳು ಸಾಕಷ್ಟು ಹತ್ತಿರ ಬರಬೇಕೆಂಬುದು. ನದಿಯ ಅಗಲ ಆ ಸ್ಥಳದಲ್ಲಿ ಸುಮಾರು 280 ಗಜ. ಗೋಡೆಯಿಂದ ಶತ್ರುವನ್ನು ದೂರವಿಡಲು ಇದು ಸಾಲದು. ಗುಂಡಿಗೆ ನದಿ ಅಡ್ಡಿಯಲ್ಲ. ಬಿಲ್ಲು ಬಾಣಗಳ ಕಾಲದಲ್ಲಿ ದೊಡ್ಡ ರಕ್ಷಣೆಯಾಗಿದ್ದ ನದಿಯ ಅಗಲವು ಫಿರಂಗಿಯ ಕಾಲದಲ್ಲಿ ಅರ್ಥ ಕಳೆದುಕೊಂಡಿತ್ತು; ನದಿಯ ಆಳವೂ ವೇಗವೂ ಮಾತ್ರ ಉಳಿದಿದ್ದ ರಕ್ಷಣೆ.

ಕೋಟೆಯವರ ಕೈಯಲ್ಲೂ ಆಯುಧಗಳಿಲ್ಲದಿರಲಿಲ್ಲ. ಮೈಸೂರಿನ ಬಾಣಗಳೆಂದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿದ ರಾಕೆಟ್ಟುಗಳು. ಅವು ಒಂದು ಮೈಲಿಗೂ ಮಿಕ್ಕಿ ಹಾರುತ್ತಿದ್ದುವು. ಇಂಗ್ಲೆಂಡಿನ ಕಾಂಗ್ರೀವನು ಮುಂದೆ ತಯಾರಿಸಿದ ರಾಕೆಟ್ಟುಗಳಿಗೆ ಇವೇ ಪ್ರೇರಣೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ ಸುದ್ದಿಯನ್ನು ವಾಚಕರು ಓದಿರಬಹುದು. ಆದರೆ ಮೇ 2ರಂದು ಮುತ್ತಿಗೆಯ ಗುಂಡೊಂದು ಕೋಟೆಯೊಳಗೆ ರಾಕೆಟ್ಟುಗಳನ್ನಿಟ್ಟಿದ್ದ ಉಗ್ರಾಣಕ್ಕೆ ಬಿದ್ದು ಭಾರಿ ಸ್ಫೋಟವಾಯಿತು. ಅದೇ ದಿನ ಗೋಡೆ ಒಡೆಯುವ ಫಿರಂಗಿಗಳೂ ಕೆಲಸಕ್ಕೆ ತೊಡಗಿದ್ದುವು. ಮೇ 3ರ ಸಂಜೆಯ ಹೊತ್ತಿಗೆ ವಾಯವ್ಯದ ಕೊತ್ತಲದ ಬಳಿ ಗೋಡೆ ಕುಸಿದು ದಾರಿಯಾಯಿತು.

ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಜನರಲ್ ಬೇರ್ಡನ ಮುಂದಾಳುತನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹೊಳೆಗೆ ಇಳಿದರು. ಇದೇ ಬೇರ್ಡನು 1780ರಲ್ಲಿ ಸೆರೆಸಿಕ್ಕಿ 1784ರವರೆಗೆ ಇದೇ ಕೋಟೆಯಲ್ಲಿ ಬಂದಿಯಾಗಿದ್ದವನು. ನೀರು ಕೆಲವೆಡೆ ಹರಡುಮಟ್ಟ, ಕೆಲವೆಡೆ ಸೊಂಟದ ಮಟ್ಟ. ನಾವು ಮೊದಲು ಹಾಕಿದ ಲೆಕ್ಕದ ಎರಡೂಕಾಲು ಕಿಲೋಗ್ರಾಮನ್ನು ವಾಚಕರು ಇಲ್ಲಿ ನೆನೆಯಬಹುದು. ಕೆಲವೇ ನಿಮಿಷಗಳಲ್ಲಿ ಮುಂದಿನ ಸಾಲಿನವರು ಒಡಕಿನ ಮೇಲಿದ್ದರು. ಹತ್ತಿ ನಿಂತಾಗ ಒಳಗೆ ಇನ್ನೊಂದು ಗೋಡೆಯೂ, ನಡುವೆ ನೀರಿನ ಕಂದಕವೂ ಕಂಡುವಂತೆ; ಹೊರಗಿನ ಕಂದಕ ಸೋತಲ್ಲಿ ಒಳಗಿನದು ತಡೆಯಲಿಲ್ಲ. ಎರಡು ಪಂಗಡಗಳಾಗಿ ಗೋಡೆಯ ಮೇಲೆಯೇ ಸುತ್ತಿ ಬಂದು ಸಂಜೆಯೊಳಗೆ ಅವರು ಕೋಟೆಯನ್ನು ವಶಮಾಡಿಕೊಂಡರು. ಟಿಪ್ಪು ಕಾದಾಡುತ್ತ ಉತ್ತರದ ಗೋಡೆಯಲ್ಲಿದ್ದ ನೀರಿನ ಬಾಗಿಲಿನ ಬಳಿ ಮಡಿದನು. ಮೀರ್ ಸಾದಕನು ಸಂಬಳ ಹಂಚುವ ನೆಪದಿಂದ ಕಾವಲಿನವರನ್ನು ಕರೆಸಿಕೊಂಡನೆಂಬ ಮಾತು ಜನಜನಿತವಾಗಿದೆ. ದ್ರೋಹದ ಕತೆಗೆ ನಮ್ಮ ಜನ ಕೊಡುವ ಗಮನದ ಹತ್ತರಲ್ಲೊಂದು ಪಾಲನ್ನೂ ನೀರಿನ ಮಟ್ಟಕ್ಕೆ ಕೊಟ್ಟಿಲ್ಲ. ಸೊಂಟದ ಮಟ್ಟದ ನೀರಿಗೆ ಬದಲು ಎದೆಮಟ್ಟದ ಪ್ರವಾಹವಿದ್ದಿದ್ದರೆ, ಒಡಕಿನ ಮೇಲೆ ಕಾವಲಿದ್ದರೂ ಇಲ್ಲದಿದ್ದರೂ ಲಗ್ಗೆ ಹೊಳೆಯಲ್ಲಿಯೇ ಮುಗಿಯುತ್ತಿತ್ತೆಂದು ನಮ್ಮ ಅಭಿಪ್ರಾಯ.

ಮರುದಿನ, ಮೇ 5ರಂದು, ಟಿಪ್ಪುವಿನ ಶವಸಂಸ್ಕಾರ ನಡೆದ ಸಂಜೆ ಭಯಂಕರವಾದ ಗುಡುಗು ಸಿಡಿಲಿನ ಮಳೆ ಸುರಿಯಿತು. ಮುಂಬಯಿ ಸೈನ್ಯದ ಪಾಳೆಯದಲ್ಲಿ ಇಬ್ಬರು ಅಧಿಕಾರಿಗಳು ಸಿಡಿಲಿಗೆ ಬಲಿಯಾದರು. ಮಳೆ ಒಂದು ದಿನ ಮುಂಚೆ ಬಂದಿದ್ದರೆ ಚರಿತ್ರೆಯೇ ಬದಲಾಗುತ್ತಿತ್ತೆಂದು ಕೆಲವರು ಹೇಳುವುದುಂಟು. ಇದನ್ನು ನಾವು ಒಪ್ಪಲಾರೆವು. ಬೇಸಗೆಯ ಗುಡುಗುಮಳೆ ಕೆಲವು ಮೈಲಿಗಳ ಹರವಿನಲ್ಲಿ ಒಂದೆರಡು ಗಂಟೆ ಬೀಳುವಂಥದು. ಕಾದು ಬಿರಿದ ನೆಲ ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಕಾವೇರಿಯನ್ನು ಎದೆಮಟ್ಟಕ್ಕೆ ಏರಿಸಲು ಕೊಡಗಿನ ಮುಂಗಾರು ಬೇಕು. ಆದುದರಿಂದ ಕೋಟೆಗೆ ಕಡಿಮೆಯಾದುದು ಒಂದು ದಿನವಲ್ಲ, ಸುಮಾರು ಒಂದು ತಿಂಗಳು.

ಕೋಟೆ ಬಿದ್ದ ಮೇಲೆ ದ್ವೀಪದ ಗತಿ ಏನಾಯಿತೆಂಬುದು ಅಷ್ಟಾಗಿ ಯಾರಿಗೂ ತಿಳಿಯದು. ಒಡೆಯರ ವಂಶಕ್ಕೆ ಮರಳಿ ಬಂದ ರಾಜ್ಯಕ್ಕೆ ಮೈಸೂರು ರಾಜಧಾನಿಯಾಯಿತು. ದ್ವೀಪವನ್ನು ಮಾತ್ರ ಕಂಪನಿಯವರು ತಮ್ಮ ಸ್ವತ್ತೆಂದು ಇಟ್ಟುಕೊಂಡರು. ಮೈಸೂರು ಸರ್ಕಾರ ಅದನ್ನು ವರ್ಷಕ್ಕೆ 50,000 ರೂಪಾಯಿಗಳ ಗುತ್ತಿಗೆಗೆ ಪಡೆಯಬೇಕಾಯಿತು. ಒಂದು ರಾಜ್ಯ ತನ್ನ ಹಳೆಯ ರಾಜಧಾನಿಗೆ ಬಾಡಿಗೆ ಕೊಡುವ ಈ ವಿಚಿತ್ರ 1881ರಲ್ಲಿ ಕೊನೆಗೊಂಡಿತು. ಬೆಂಗಳೂರಿನ ದಂಡಿನ ಪ್ರದೇಶವನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ದ್ವೀಪವನ್ನು ಪಡೆದುಕೊಂಡರು. ಟಿಪ್ಪುವಿನ ಕಾಲದಲ್ಲಿ ಇಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು 1800ರಲ್ಲಿ ಬಂದಿದ್ದ ಬ್ಯುಕನನ್ ಅಂದಾಜು ಮಾಡಿದ್ದಾನೆ. ಅವನು ಬಂದಾಗ ಉಳಿದಿದ್ದವರು ಸುಮಾರು 32,000. ಇಂಗ್ಲಿಷರ ದಂಡೂ ಇಲ್ಲಿ ಬಹುಕಾಲ ನಿಲ್ಲಲಿಲ್ಲ. ಚಳಿಜ್ವರ ಅವರನ್ನು ಬೆಂಗಳೂರಿಗೆ ಅಟ್ಟಿತು. ಕೆಟ್ಟ ಗಾಳಿಯಿಂದ ಈ ಜ್ವರ ಬರುವುದೆಂದು ಆಗ ನಂಬಿದ್ದರು. ಸೊಳ್ಳೆಯೇ ಅದರ ವಾಹಕವೆಂಬುದಕ್ಕೆ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಸಾಕ್ಷ್ಯ ಕಂಡುಕೊಂಡುದು 1897ರಲ್ಲಿ. ಶತ್ರುವಿಗೆ ಅಡ್ಡಬಾರದ ಕಂದಕದ ನಿಂತ ನೀರು ಸೊಳ್ಳೆಗೆ ತೊಟ್ಟಿಲಾಗಿದ್ದಿತೆಂದು ಈಗ ನಾವು ಊಹಿಸಬಹುದು.

ಅರಮನೆಗಳಲ್ಲಿ ದರಿಯಾ ದೌಲತ್ ಉಳಿದಿದೆ. 1784ರಲ್ಲಿ ಕಟ್ಟಿದ ಆ ಬೇಸಗೆಯ ಅರಮನೆ ಕೋಟೆಯ ಹೊರಗಿನದು. ಕೋಟೆಯೊಳಗೆ ರಂಗನಾಥನ ಗುಡಿಯ ಸಮೀಪದಲ್ಲಿದ್ದ ಲಾಲ್ ಮಹಲ್ ಅರಮನೆಯಲ್ಲಿ ಇಂದು ತಳಪಾಯವಷ್ಟೇ ಕಾಣುತ್ತದೆ. ಅದನ್ನು ಕೆಡವಿ, ತೇಗದ ತೊಲೆಗಳನ್ನು ನೀಲಗಿರಿಗೆ ಸಾಗಿಸಿದರು. ಉದಕಮಂಡಲದ ಸೇಂಟ್ ಸ್ಟೀಫನ್ ಚರ್ಚಿನ ಮಾಡನ್ನು ಹೊತ್ತಿರುವುದು ಅವೇ ತೊಲೆಗಳು.

ಕಾವೇರಿಗೆ ಏರಿ ಹಾಕುವ ಯೋಚನೆ ಟಿಪ್ಪುವಿಗೂ ಬಂದಿತ್ತೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂದಿತು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಮೊದಲಾದಾಗ ಆ ಸ್ಥಳದಲ್ಲಿ ಪಾರಸೀ ಶಾಸನವೊಂದು ದೊರೆಯಿತು. 1790ರ ದಶಕದಲ್ಲಿ ಟಿಪ್ಪು ಅಲ್ಲಿಯೇ ಅಣೆಕಟ್ಟಿಗೆ ತಳಹದಿ ಹಾಕಿಸಿದ ಸಂಗತಿ ಅದರಲ್ಲಿದೆ. ಆ ನೀರಿನಿಂದ ಹೊಸದಾಗಿ ಬೇಸಾಯ ಮಾಡುವವರಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲು ಬಿಡುವ ಮಾತೂ ಇದೆ. ಯುದ್ಧದ ಮಾತು ಅದರಲ್ಲಿಲ್ಲ. ಆದರೂ ಮಳೆಗಾಲದ ನೀರನ್ನು ಬೇಸಗೆಗೆ ಕಟ್ಟಿಡುವ ಸೂಳೆಕೆರೆಯ ಉಪಾಯವನ್ನು, 1791ರಲ್ಲಿ ಕಾರ್ನ್‌ವಾಲಿಸನು ಸಿಕ್ಕಿಬಿದ್ದ ಅದೇ ಕನ್ನಂಬಾಡಿಯಲ್ಲಿ ಪ್ರಯೋಗಿಸಲು ಹೊರಟಿದ್ದುದು ಕುತೂಹಲಕರವಾಗಿದೆ. ಅಂದು ನಿಂತುಹೋದ ಕೆಲಸ 1930ರ ದಶಕದ ಮೊದಲಲ್ಲಿ ಕೃಷ್ಣರಾಜಸಾಗರವಾಗಿ ಪೂರ್ಣಗೊಂಡಿತು. ಸುಮಾರು 49 ಸಾವಿರ ದಶಲಕ್ಷ ಘನ ಅಡಿ ನೀರು ಅದರಲ್ಲಿ ನಿಲ್ಲುತ್ತದೆ. ಶ್ರೀರಂಗಪಟ್ಟಣದ ಮುಂದಿನ ಹೊಳೆ ಈಗ ಕೊಡಗಿನ ಮಳೆಯನ್ನು ನೇರವಾಗಿ ಅನುಸರಿಸುವುದಿಲ್ಲ. ಅಣೆಕಟ್ಟಿನ ಬಾಗಿಲುಗಳು ಬಿಟ್ಟಷ್ಟು ಹರಿಯುತ್ತದೆ.

ಲಗ್ಗೆ ಹತ್ತಿದ ಜಾಗದಲ್ಲಿ 1907ರಲ್ಲಿ ನಿಲ್ಲಿಸಿದ ಕಲ್ಲಿನ ಸ್ತಂಭವೊಂದಿದೆ. ಮೇ ತಿಂಗಳಲ್ಲಿ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ದಡದಲ್ಲಿಯೇ ನಿಂತು ಒಂದು ಪ್ರಯೋಗವನ್ನು ಮಾಡಬಹುದು. ದಡದುದ್ದಕ್ಕೂ ಇಪ್ಪತ್ತು ಮೀಟರ್ ಅಳೆದು ಎರಡು ಗುರುತು ಹಾಕಿಕೊಳ್ಳಿ. ಮೇಲಿನ ಗುರುತಿನ ಬಳಿ ಒಂದು ಒಣ ಕಡ್ಡಿಯನ್ನು ನೀರಿಗೆ ಎಸೆದು, ಕೆಳಗಿನ ಗುರುತನ್ನು ತಲಪಲು ಅದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. ನಲವತ್ತು ಸೆಕೆಂಡಾದರೆ ಅದು ನಮ್ಮ ಮೊದಲ ಲೆಕ್ಕದ ವೇಗ, ಹತ್ತು ಸೆಕೆಂಡಾದರೆ ಎರಡನೆಯ ಲೆಕ್ಕದ್ದು. ಮೇಲ್ಮೈಯ ವೇಗ ಒಳಗಿನ ಸರಾಸರಿ ವೇಗಕ್ಕಿಂತ ಸ್ವಲ್ಪ ಹೆಚ್ಚಿರುವುದರಿಂದ, ಬಂದ ಉತ್ತರವನ್ನು ಸುಮಾರು ಏಳನೆಯ ಒಂದು ಪಾಲು ತಗ್ಗಿಸಿಕೊಳ್ಳಬೇಕು. ಹೊಳೆಗೆ ಮಾತ್ರ ಇಳಿಯಬಾರದು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಡುಮಟ್ಟದ ಹೊಳೆ ಅರಿವಿಲ್ಲದೆಯೇ ಏರಿಬರುತ್ತದೆ.